ಹರಗೋಲಿನ ಅಂಚು ಹಿಡಿದ ಕೈ

ನನ್ನ ಸೋದರಮಾವನ ಮಗ ಗೋಣೆಪ್ಪ ಸುಳ್ಳಾಡುವವನಲ್ಲ. ಹೊಳೆ ಊರನ್ನು ನುಂಗಿದ ಮೇಲೆ ಕಟ್ಟಿಕೊಟ್ಟ ಹೊಳೆಮಣ್ಣೂರಿನ ನವಗ್ರಾಮದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನು ಹೇಳಿದುದನ್ನು ಹೇಳಿದಂತೆಯೇ ನಿಮ್ಮ ಮುಂದಿಡುತ್ತೇನೆ.

ಹೋದ ಚೈತ್ರದ ಅಮಾವಾಸ್ಯೆ. ರೋಣದಿಂದ ಬರುವ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಗೋಣೆಪ್ಪ ನಡೆದೇ ಹೊರಟ. ಹತ್ತಿರದ ಹಾದಿಯೆಂದರೆ ಹೊಳೆದಂಡೆಯಲ್ಲಿ ನಾವೆಲ್ಲ ಬಿಟ್ಟುಬಂದ ಹಳೆಯ ಪಾಳು ಓಣಿ. ಕುಸಿದ ಗೋಡೆಗಳು, ಜಾಲಿಕಂಟಿ, ನಡುವೆ ಹೂಳು ತುಂಬಿ ಬತ್ತಿಹೋದ ಮೆಟ್ಟಿಲುಬಾವಿ. ನೆಲ ಒಣಗಿ ಬಿರಿದಿತ್ತು. ಆದರೂ ಹಿಂದೆ ಸಪ್ಪಳ... ಪಚ್... ಪಚ್... ಕೆಸರಿನಿಂದ ಯಾರೋ ಕಾಲು ಕಿತ್ತಿಡುತ್ತಿರುವಂತೆ. ಇವನು ನಿಂತರೆ ಅದೂ ನಿಂತಿತು.

ಯಾರೆಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ನಿಮಗೂ ಗೊತ್ತಾಗಬೇಕಾದರೆ ಹಲವು ವರ್ಷಗಳ ಹಿಂದಿನ ಮಹಾಪೂರದ ಆ ರಾತ್ರಿಯನ್ನು ಹೇಳಲೇಬೇಕು. ಮಲಪ್ರಭೆ ಓಣಿಯೊಳಕ್ಕೆ ನುಗ್ಗಿದಾಗ ಇದ್ದುದು ಒಂದೇ ಹರಗೋಲು. ಹುಟ್ಟು ಹಾಕಬಲ್ಲವನು ಗೋಣೆಪ್ಪ. ಅವನ ಬಾಲ್ಯದ ಗೆಳೆಯ ಸಿದ್ದರಾಮೇಶ ತನ್ನ ಹೆಂಡತಿ ಲಕ್ಷ್ಮಿಯನ್ನೂ ಕೂಸನ್ನೂ ತಾನೇ ಎತ್ತಿ ಅದರಲ್ಲಿ ಕುಳ್ಳಿರಿಸಿದ. ಓಣಿಯ ಉಳಿದ ಹೆಂಗಸರು ಮಕ್ಕಳೂ ಅದರಲ್ಲಿಯೇ. ಮರಳಿ ಬಂದಾಗ ತನ್ನನ್ನು ಕರೆದೊಯ್ದರೆ ಸಾಕೆಂದು ಹೇಳಿ ಗೋಡೆಯ ಮೇಲೆ ನಿಂತ. ಹರಗೋಲು ತುಸು ದೂರ ಸಾಗಿತ್ತು, ಅಷ್ಟೆ. ಗೋಡೆ ಕುಸಿಯಿತು. ನೀರಿಗೆ ಬಿದ್ದವನು ಈಜಿ ಬಂದು ಹರಗೋಲಿನ ಅಂಚನ್ನು ಹಿಡಿದ. ಅದು ಆ ಮಗ್ಗುಲಿಗೆ ವಾಲಿತು. ನೀರು ಒಳಕ್ಕೆ ಬಂತು. ಬಿಡು, ಬಿಡು ಎಂದು ಗೋಣೆಪ್ಪ ಕೂಗಿದ. ಮುಳುಗುವವನ ಕೈ ಯಾರ ಮಾತನ್ನೂ ಕೇಳುವುದಿಲ್ಲ. ತನ್ನ ಒಡೆಯನ ಮಾತನ್ನೂ ಕೇಳುವುದಿಲ್ಲ.

ಗೋಣೆಪ್ಪ ಹುಟ್ಟನ್ನೆತ್ತಿ ಆ ಬೆರಳುಗಳ ಮೇಲೆ ಹೊಡೆದ.

ಹಸಿ ಜೋಳದ ದಂಟು ಮುರಿದಂತೆ ಸಪ್ಪಳವಾಯಿತಂತೆ... ಲಟಕ್. ಮತ್ತೊಮ್ಮೆ... ಲಟಕ್. ಅಂಚು ಬರಿದಾಯಿತು. ಹರಗೋಲಿನಲ್ಲಿದ್ದವರೆಲ್ಲ ಉಳಿದರು.

ಯಾರೂ ಅವನನ್ನು ದೂರಲಿಲ್ಲ. ಅಬಲರನ್ನು ಕಾಯಲು ಎತ್ತಿದ ಕೈಗೆ ದೋಷವಿಲ್ಲವೆಂದು ಹಿರಿಯರು ಹೇಳಿದರು. ನಾನೂ ಹೇಳಿದೆ. ಲಕ್ಷ್ಮಿ, "ಮಗಾ ಉಳೀತಲ್ಲ ಅಣ್ಣಾ," ಎಂದಳು. ಆಮೇಲೆ ಎಂದೂ ಅವನೆದುರು ಮುಖವೆತ್ತಲಿಲ್ಲ. ಗೋಣೆಪ್ಪ ಜೋಳದ ಹೊಲಕ್ಕೆ ಹೋಗುವುದನ್ನೇ ಬಿಟ್ಟ. ತಾನು ಮಾಡಿದ್ದು ಸರಿಯೋ ತಪ್ಪೋ... ಹೇಳಬೇಕಾದವನೊಬ್ಬನೇ ಹೇಳಿರಲಿಲ್ಲ.

ಆ ಅಮಾವಾಸ್ಯೆಯ ಇರುಳು ಅವನು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಸಪ್ಪಳ ಹತ್ತಿರ ಬಂತು. ಪಕ್ಕದಲ್ಲಿ ಯಾರೋ ಕುಳಿತರು. ತೊಟ್... ತೊಟ್... ಕಲ್ಲಿನ ಮೇಲೆ ನೀರು ತೊಟ್ಟಿಕ್ಕತೊಡಗಿತು.

"ನಡುಗಬ್ಯಾಡಲೇ ಗೋಣ್ಯಾ," ಎಂದಿತು ಪಿಸುದನಿ. "ಒಯ್ಯಾಕ ಬಂದಿಲ್ಲ. ನಿನ್ನಂಥಾ ಗೊರಕಿ ಹೊಡ್ಯಾವನ್ನ ಕಟ್ಟಿಗೊಂಡು ಅಲ್ಲಿ ನಾ ಏನ್ ಮಾಡ್ಲಿ?"

ಗೋಣೆಪ್ಪನಿಗೆ ನಗು ಬಂತಂತೆ. ಅದರ ಬೆನ್ನಿಗೇ ಅಳು.

"ಸಿದ್ದ್ಯಾ... ನಾ ಹೊಡದದ್ದು ಸರಿ ಏನೋ, ತಪ್ಪೇನೋ? ಖರೇ ಹೇಳು."

ತೊಟ್... ತೊಟ್...

"ಸರಿ ಮಾಡಿದಿ. ಅದರಾಗ ನನ್ನ ಮಗಾ ಇದ್ದ. ನಿನ್ನ ಜಾಗಾದಾಗ ನಾ ಇದ್ದರ ನಾನೂ ಹೊಡೀತಿದ್ದೆ."

ಗೋಣೆಪ್ಪ ಉಸಿರು ಬಿಟ್ಟ. ಇಷ್ಟು ವರ್ಷ ಕಾದದ್ದು ಆ ಮಾತಿಗಾಗಿಯೇ. ಏಳಬೇಕೆನ್ನುವಷ್ಟರಲ್ಲಿ ದನಿ ಮತ್ತೆ ಬಂತು. ಈ ಸಲ ಇನ್ನೂ ಮೆಲ್ಲಗೆ.

"ಆದ್ರ... ಬೆರಳು ಇನ್ನೂ ನೋಯ್ತಾವೋ."

ಕತ್ತಲಿನಿಂದ ಒಂದು ಕೈ ಅವನ ತೊಡೆಯ ಮೇಲೆ ಬಂದು ಬಿತ್ತು. ತಣ್ಣಗಿತ್ತು. ಬೆರಳುಗಳು ಒಂದೊಂದು ದಿಕ್ಕಿಗೆ ವಾಲುತ್ತಿದ್ದುವು. ಗೋಣೆಪ್ಪ ಓಡಲಿಲ್ಲ. ಹೆಗಲ ವಸ್ತ್ರವನ್ನು ಹರಿದ... ಸರ್ರನೆ. ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಕೂಡಿಸಿ, ಕೂಸಿಗೆ ಕಟ್ಟುವಂತೆ ಸುತ್ತಿದ.

"ಬಿಗಿ ಆತೇನೋ?"

"ಇಲ್ಲ. ಇರಲಿ."

ಗಂಟು ಹಾಕಿದ. ತೊಟ್ಟಿಕ್ಕುವ ಸಪ್ಪಳ ನಿಂತಿತು.

ನಸುಕಿನಲ್ಲಿ ಅವನು ನನ್ನ ಬಾಗಿಲು ಬಡಿದ. ಸರಿಯೆನಿಸಿಕೊಂಡು ಬಂದವನ ಮುಖವಾಗಿರಲಿಲ್ಲ ಅದು. ಇನ್ನು ಯಾರೂ ತನಗೆ ಸರಿ ಮಾಡಿದಿ ಎನ್ನಬಾರದು ಎಂದಷ್ಟೇ ಕೇಳಿಕೊಂಡ. ಬಿಸಿಲೇರಿದ ಮೇಲೆ ಇಬ್ಬರೂ ಬಾವಿಗೆ ಹೋದೆವು. ಕೆಳಗಣ ಮೆಟ್ಟಿಲ ಮೇಲೆ ಆ ವಸ್ತ್ರದ ತುಂಡು ಬಿದ್ದಿತ್ತು.

ನೀವು ನಂಬದಿದ್ದರೆ ನಂಬಬೇಡಿ. ನಾನು ಮೆಟ್ಟಿಲಿಳಿದು ಅದನ್ನು ಈ ಕೈಯಿಂದಲೇ ಎತ್ತಿದ್ದೇನೆ. ಸುತ್ತು ಸಡಿಲಾಗಿರಲಿಲ್ಲ, ಗಂಟು ಬಿಚ್ಚಿರಲಿಲ್ಲ. ಒಳಗೆ ನಾಲ್ಕು ಬೆರಳು ಹಿಡಿಯುವಷ್ಟು ಜಾಗ ಹಾಗೆಯೇ ಇತ್ತು.