ಸ್ಟೇಷನ್ ಹಿಂದಿನವರು ಯಾವ ಕಾರು?

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟ ಕಾರ್ಯದರ್ಶಿಗಳೇ, ಗುಡ್ಡದ ಬಡಾವಣೆಯಿಂದ ಇಲ್ಲಿಯವರೆಗೆ ಇಳಿದು ಬಂದಿರುವ ಮುಖ್ಯ ಅತಿಥಿಗಳೇ, ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಮೊದಲೇ ಹಿಡಿದುಕೊಂಡಿರುವ ಸಭಿಕರೇ,

ನಮ್ಮ ನಿವಾಸಿಗಳ ಸಂಘದ ಈ ವಾರ್ಷಿಕೋತ್ಸವದಲ್ಲಿ ನನಗೆ ವಹಿಸಿರುವ ಕೆಲಸ ಒಂದೇ: ಸಿಟ್ಟು ಮಾಡಿಕೊಳ್ಳುವುದು. ಕಳೆದ ತಿಂಗಳು ಪತ್ರಿಕೆಯೊಂದರ ಭಾನುವಾರದ ಪುರವಣಿ ನಮ್ಮ ಊರಿನ ಒಂದೊಂದು ಬಡಾವಣೆಯನ್ನೂ ಒಂದೊಂದು ಕಾರಿಗೆ ಹೋಲಿಸಿತು. ನೀವೆಲ್ಲ ಓದಿದ್ದೀರಿ. ಗುಡ್ಡದ ಬಡಾವಣೆ ಬೆಂಜ್ ಅಂತೆ: ಗಾಜು ಇಳಿಸುವುದಿಲ್ಲ, ಇಳಿಸಿದರೂ ಮಾತಾಡುವುದಿಲ್ಲ. ಮುಖ್ಯ ಅತಿಥಿಗಳು ಕ್ಷಮಿಸಬೇಕು, ಇದು ಪತ್ರಿಕೆಯ ಮಾತು. ಕೆರೆ ದಂಡೆಯ ಬಡಾವಣೆ ವೋಲ್ವೋ: ಅಲ್ಲಿ ಮಕ್ಕಳ ಉಯ್ಯಾಲೆಗೂ ಬೆಲ್ಟು ಇದೆಯಂತೆ. ಹೊಸ ಬಡಾವಣೆ ಟೊಯೋಟಾ: ಬೆಳಿಗ್ಗೆ ಹೊರಡುತ್ತದೆ, ಸಂಜೆ ಬಂದು ನಿಲ್ಲುತ್ತದೆ, ನಡುವೆ ಏನೂ ಆಗುವುದಿಲ್ಲ. ಇದೊಂದನ್ನು ನಾನೂ ಒಪ್ಪುತ್ತೇನೆ. ನನ್ನ ನಾದಿನಿ ಅಲ್ಲಿದ್ದಾಳೆ. ಅವಳ ಬೀದಿಯಲ್ಲಿ ಎಲ್ಲ ಗೇಟಿಗೂ ಒಂದೇ ಬಣ್ಣ. ಒಮ್ಮೆ ನಾನು ಬೇರೆಯವರ ಮನೆಗೆ ನುಗ್ಗಿ, ಕೂತು, ಕಾಫಿಯನ್ನೂ ಕುಡಿದು ಬಂದಿದ್ದೇನೆ. ಅವರಿಗೂ ಗೊತ್ತಾಗಲಿಲ್ಲ.

ಮತ್ತೆ ನಾವು? ಸ್ಟೇಷನ್ ಹಿಂದಿನ ನಾವು ಹಳೇ ಫಿಯೆಟ್! "ಇನ್ನೂ ಓಡುತ್ತಿದೆ ಎಂಬುದಷ್ಟೇ ಇದರ ಹೆಗ್ಗಳಿಕೆ" ಎಂದು ಬರೆದಿದ್ದಾರೆ. ಅಷ್ಟೇನಾ ಸಭಿಕರೇ? ಈ ಬೀದಿಗಳಿಗೆ ಪೈಪು ಬರುವ ಮುಂಚೆ ಸ್ಟೇಷನ್ನಿನ ನಲ್ಲಿಯಿಂದ ನೀರು ಹೊತ್ತವರು ಯಾರು? ಮೇಲ್ಸೇತುವೆ ಬೇಕೆಂದು ಹಳಿಯ ಪಕ್ಕ ಕುರ್ಚಿ ಹಾಕಿಕೊಂಡು ಬಿಸಿಲಲ್ಲಿ ಕೂತವರು ಯಾರು? ಆ ಸೇತುವೆಯ ಮೇಲೆ ಇವತ್ತು ಬೆಂಜೂ ಹೋಗುತ್ತದೆ, ವೋಲ್ವೋವೂ ಹೋಗುತ್ತದೆ. ಕಟ್ಟಿಸಿದ್ದು ಮಾತ್ರ ಫಿಯೆಟ್ಟು! ಚಪ್ಪಾಳೆಗೆ ಧನ್ಯವಾದ.

ಫಿಯೆಟ್ ಬಗ್ಗೆ ಮಾತಾಡುವ ಹಕ್ಕು ನನಗಿದೆ. ನಮ್ಮ ಮನೆಯಲ್ಲಿ ಒಂದಿತ್ತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಹೆಂಡತಿ ತನ್ನ ಸಂಬಳದಲ್ಲಿ ಕೊಂಡದ್ದು. ಓಡಿಸುತ್ತಿದ್ದವಳೂ ಅವಳೇ. ನಾನು ಕಲಿಯಲಿಲ್ಲ, ಪಕ್ಕದಲ್ಲಿ ಪತ್ರಿಕೆ ಬಿಡಿಸಿಕೊಂಡು ದೇಶದ ಸ್ಥಿತಿಗೆ ಕುದಿಯುತ್ತಾ ಕೂರುತ್ತಿದ್ದೆ. ನಡುವೆ ತಲೆಯೆತ್ತಿ "ಎಲ್ಲಿಗೆ ಬಂದ್ವಿ?" ಎನ್ನುತ್ತಿದ್ದೆ. ಅವಳು ಸ್ಟೀರಿಂಗಿನಿಂದ ಕೈ ಎತ್ತಿ, ಬೆರಳುಗಳನ್ನು ಬಾಗಿಲ ಕಡೆಗೆ ಆಡಿಸಿ, "ಬಂದಾಯ್ತು, ಇಳೀರಿ" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಆ ಕಾರನ್ನು ಮಾರಿದೆವು. "ಕ್ಲಚ್ ಒತ್ತೋಕಾಗ್ತಿಲ್ಲ ರೀ" ಎಂದಳು. ಕಾರಿಗೆ ವಯಸ್ಸಾಯಿತು ಅಂದುಕೊಂಡೆ. ಕೊಂಡವರು ಯಾರು ಗೊತ್ತೇ? ಗುಡ್ಡದ ಬಡಾವಣೆಯವರು! ಈಗ ಅದು ಅಲ್ಲಿ ಗಾಜಿನ ಕೋಣೆಯಲ್ಲಿ ಮೈ ಒರೆಸಿಸಿಕೊಂಡು ನಿಂತಿದೆ. ಇತ್ತ ನಮ್ಮ ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ವಾರವೆಲ್ಲ ಸರ್ವಿಸಿಗೆ ನಿಲ್ಲುವುದು ಬೆಂಜು. ಹಾಗಾದರೆ ಈಗ ಫಿಯೆಟ್ ಯಾರು, ಬೆಂಜ್ ಯಾರು? ಮನೆಯಲ್ಲಿ ಬರೆದುಕೊಂಡಾಗ ಈ ಭಾಷಣ ಇಷ್ಟು ತೊಡಕಾಗಿರಲಿಲ್ಲ.

ಇನ್ನೊಂದು ತೊಡಕಿದೆ. ಒಳಗೆ ಬರುವಾಗ ನಮ್ಮ ಟೈಲರ್ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, "ಆ ಕಡೆ ಯಾರ ಕೈಗೂ ಪ್ಯಾಂಟ್ ಕೊಡ್ಬೇಡಿ ಸಾರ್, ಹಾಳು ಮಾಡ್ತಾರೆ. ಇಲ್ಲಿಗೇ ತನ್ನಿ" ಎಂದರು. ಯಾವ ಕಡೆ? ಆಮೇಲೆ ಕಾರ್ಯದರ್ಶಿಗಳು, "ಗಡಿಯಾರ ಭಾಷಣ ಆದ್ಮೇಲೆ ಕೊಡ್ತೀವಿ ಸಾರ್, ಅಮ್ಮಾವ್ರನ್ನೂ ಮೇಲೆ ಕರೀತೀವಿ" ಎಂದರು. ಯಾವ ಗಡಿಯಾರ? ಈಗ ನೀರು ಕುಡಿಯಲು ಹಿಂದೆ ತಿರುಗಿದೆ, ಬ್ಯಾನರ್ ಕಾಣಿಸಿತು. "ವಾರ್ಷಿಕೋತ್ಸವ ಮತ್ತು ಬೀಳ್ಕೊಡುಗೆ" ಎಂದಿದೆ. ಯಾರಿಗೆ ಬೀಳ್ಕೊಡುಗೆ?

ಒಂದು ನಿಮಿಷ. ಕಾರ್ಯದರ್ಶಿಗಳು ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ.

ನಮಗಂತೆ. ಮುಂದಿನ ತಿಂಗಳು ನಾವು ಹೊಸ ಬಡಾವಣೆಗೆ, ನಾದಿನಿಯ ಮನೆಯ ಕೆಳಭಾಗಕ್ಕೆ ಹೋಗುತ್ತಿದ್ದೇವಂತೆ. ನೀವು ನಗುತ್ತಿದ್ದೀರಿ. ನಿಮಗೆಲ್ಲ ಗೊತ್ತಿತ್ತೇ? ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಶ್ರೀಮತಿಯವರೇ, ನನಗೆ ಯಾವಾಗ ಹೇಳಿದಿರಿ?

ಇರಿ, ಹೇಳಿದ್ದಳು. ಆ ಭಾನುವಾರವೇ. ನಾನು ಪುರವಣಿಯ ವಿರುದ್ಧ ಸಂಪಾದಕರಿಗೆ ಪತ್ರ ಬರೆಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು, "ತಂಗಿ ಮನೆ ಕೆಳಗಡೆ ಖಾಲಿ ಆಗಿದೆ ರೀ. ಈ ಮೂರು ಮಹಡಿ ಹತ್ತೋದು ನನ್ನ ಮಂಡಿಗೆ ಇನ್ನಾಗಲ್ಲ. ಹೋಗೋಣ್ವಾ?" ಎಂದಳು. ನಾನು "ಖಂಡನೀಯ" ಎಂಬುದಕ್ಕಿಂತ ಖಾರವಾದ ಶಬ್ದ ಹುಡುಕುತ್ತಿದ್ದೆ. "ಹೂಂ" ಎಂದೆ. "ನಿಜವಾಗ್ಲೂ?" ಎಂದಳು. "ಹೂಂ, ಹೂಂ." ಅವತ್ತು ಕಿವಿಗೆ ಬಿದ್ದದ್ದು ಇವತ್ತು ತಲೆಗೆ ತಲುಪುತ್ತಿದೆ.

ಆ ಪತ್ರದಲ್ಲಿ ನಾನು ಏನು ಬರೆದಿದ್ದೆ ಗೊತ್ತೇ? ನಮ್ಮ ಬಡಾವಣೆಯಲ್ಲಿ ಜನರಿಗೆ ಜನ ಬೇಕು. ನನ್ನ ಹೆಂಡತಿ ತರಕಾರಿ ತಂದು ಮನೆಗೆ ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ಮಾತಾಡಿಸಿಕೊಂಡೇ ಬರುತ್ತಾಳೆ, ಯಾವ ಬೆಂಜಿನಲ್ಲಿ ಈ ಸುಖವಿದೆ, ಎಂದು. ಪತ್ರ ಅಚ್ಚಾಯಿತು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಸಭಿಕರೇ, ಎರಡನೇ ಮಹಡಿಯ ಮನೆ ಖಾಲಿಯಾಗಿ ವರ್ಷವಾಯಿತು. ಅಲ್ಲಿ ಅವಳು ಯಾರನ್ನು ಮಾತಾಡಿಸಲು ನಿಲ್ಲುತ್ತಿದ್ದಳು?

ಕ್ಷಮಿಸಿ. ಮುಂದಿನ ಹಾಳೆ ಎಲ್ಲಿ ಹೋಯಿತು?

"ನಾನು ಎಲ್ಲಿಗೂ ಹೋಗುವುದಿಲ್ಲ" ಎಂದು ಮೇಜು ಗುದ್ದಿ ಹೇಳಬಹುದು. ನೀವು ಚಪ್ಪಾಳೆ ತಟ್ಟುತ್ತೀರಿ. ಆಮೇಲೆ ನಾವು ಮನೆಗೆ ಹೋಗುತ್ತೇವೆ, ಅವಳು ಹತ್ತಬೇಕು. ಬೆಳಿಗ್ಗೆ ಹೊರಟು ಸಂಜೆ ಬಂದು ನಿಲ್ಲುವುದು, ನಡುವೆ ಏನೂ ಆಗದಿರುವುದು ಅಂಥ ಸಣ್ಣ ವಿಷಯವೇ? ಹೊಸ ಬಡಾವಣೆಯ ಬಗ್ಗೆ ಆಗಲೇ ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಗೇಟಿನ ವಿಷಯ ಬಿಟ್ಟು. ನಾವು ಯಾವ ಕಾರು ಎಂದು ಹೇಳಬೇಕಾದವನು ನಾನಲ್ಲ. ನಾನು ಈ ಬೀದಿಗಳನ್ನು ನೋಡಿದ್ದು ಪತ್ರಿಕೆಯ ಅಂಚಿನಿಂದ. ದಾರಿ ನೋಡುತ್ತಿದ್ದವಳು ಅವಳು.

ಮೂರನೇ ಸಾಲಿನಿಂದ ಅವಳ ಕೈ ಎದ್ದಿದೆ, ಬೆರಳು ಆಡುತ್ತಿದೆ. ಆ ಸನ್ನೆ ನನಗೆ ಗೊತ್ತು.

ಕಾರ್ಯದರ್ಶಿಗಳೇ, ಅವಳನ್ನು ವೇದಿಕೆಗೆ ಕರೆಯಬೇಡಿ. ಇಲ್ಲೂ ಮೆಟ್ಟಿಲುಗಳಿವೆ. ಗಡಿಯಾರ ನನ್ನ ಕೈಗೆ ಕೊಡಿ, ಕೆಳಗೆ ಅವಳ ಕುರ್ಚಿಯ ಹತ್ತಿರ ಇಬ್ಬರೂ ತೆಗೆದುಕೊಳ್ಳುತ್ತೇವೆ. ಸಿಟ್ಟು ಕೇಳಲು ಬಂದು ಇಷ್ಟನ್ನು ಕೇಳಿದ ನಿಮಗೆಲ್ಲ ಕೃತಜ್ಞ. ಬಂದಾಯ್ತು, ಇಳಿಯುತ್ತೇನೆ. ನಮಸ್ಕಾರ.