ಎಡಗೈ ಬಳೆ

ಬೇಡ ಅಂದ್ರೆ ಹೇಗೆ ಮುತ್ತಕ್ಕ? ಕೈ ನೋಡಿ, ಕಡುಬಿನ ಹಾಗೆ ಊದಿದೆ! ಬಳೆ ಮಾಂಸಕ್ಕೇ ಕಚ್ಕೊಂಡಿದೆ... ಅಯ್ಯೋ, ಎಳ್ಕೋಬೇಡಿ ಮಾರಾಯ್ತಿ.

ನಿಮ್ಮ ತಪ್ಪಲ್ಲ ಬಿಡಿ. ಸೂಜಿ ನರದಿಂದ ಆಚೆ ಬಂದು ಡ್ರಿಪ್ಪಿನ ನೀರೆಲ್ಲ ಚರ್ಮದ ಕೆಳಗೆ ಇಳಿದಿದೆ. ಬೆಳಿಗ್ಗೆ ಡ್ಯೂಟೀಲಿದ್ದೋರು ಬಂದ್ರು, ಬಾಟ್ಲಿ ನೋಡಿದ್ರು, ಹೋದ್ರು. ಎಲ್ರೂ ಬಾಟ್ಲಿ ನೋಡೋರೇ, ಕೈ ನೋಡೋರಿಲ್ಲ! ಉರಿದ್ರೆ ಕೂಗಿ ಅಂತ ಒಬ್ರಾದ್ರೂ ಹೇಳಿದ್ರಾ ನಿಮಗೆ?... ಇಲ್ವಾ? ಗೊತ್ತಿತ್ತು ನಂಗೆ. ನೀವೂ ನೀವೇ! ಸೂಜಿ ಅಂದ್ಮೇಲೆ ನೋಯೋದೇ ಅಂತ ಹಲ್ಲು ಕಚ್ಕೊಂಡು ಮಲಗಿದ್ರಿ. ತೋಟದಲ್ಲಿ ಜಿಗಣೆ ಹತ್ತಿದ್ರೂ ಹೀಗೇ ಸುಮ್ನಿರ್ತೀರಾ?... ನಕ್ರಿ! ನಾನು ನೋಡ್ದೆ, ನಕ್ರಿ.

ಈಗ ಬಲಗೈಗೆ ಹೊಸ ಸೂಜಿ ಹಾಕಿದೀನಲ್ಲ, ಮೇಲ್ಗಡೆ, ಅದು ಚೆನ್ನಾಗಿ ಹೋಗ್ತಿದೆ. ಆ ಕೈ ಬಳೆ ಮುಟ್ಟಲ್ಲ. ದೇವ್ರಾಣೆ ಮುಟ್ಟಲ್ಲ! ಎಡಗೈದು ಮಾತ್ರ ತೆಗೀತೀನಿ. ಮುತ್ತೈದೆ ಕೈ ಬೋಳಾಗಲ್ಲ, ಆಯ್ತಾ? ನಮ್ಮೂರು ಬಣಕಲ್ಲಲ್ಲಿ ನಮ್ಮಮ್ಮನೂ ಹೀಗೇ ಹಟ ಮಾಡೋರು. ಎಣ್ಣೆ ಹಚ್ಚಿ ಮೆಲ್ಲಗೆ ಜಾರಿಸ್ತೀನಿ. ಒಂದೂ ಒಡೆಯೋದು... ತಪ್ಪಾಯ್ತು, ತಪ್ಪಾಯ್ತು, ಹಾಗನ್ನಬಾರ್ದು. ಒಂದೂ ಹೆಚ್ಚೋದಿಲ್ಲ. ಊತ ಇಳಿದ ಮೇಲೆ ನಾನೇ ತೊಡಿಸ್ತೀನಿ.

ಏನು? ಬಾಗಿಲ ಕಡೆ ಯಾಕೆ ನೋಡ್ತೀರಿ?... ನಿಮ್ಮ ಯಜಮಾನ್ರಾ? ಜವರಣ್ಣ ಪಕ್ಕದ ವಾರ್ಡಲ್ಲೇ ಇದಾರೆ. ಒಂದೇ ಜೀಪಲ್ಲಿ ಬಿದ್ದೋರು, ಅವ್ರಿಗೂ ಪೆಟ್ಟಾಗಿದೆ ತಾನೇ? ಮಲಗಿದಾರೆ. ಹ್ಞೂಂ, ಅವ್ರಿಗೂ ಡ್ರಿಪ್ ಹಾಕಿದೀವಿ... ಕೈ ನೋಡಿದೆ, ಅವ್ರ ಕೈಯನ್ನೂ ನಾನೇ ನೋಡಿದೆ.

ಅವ್ರಿಗೆ ಹೇಳದೆ ಬಳೆ ತೆಗೆಯೋದು ಹೇಗೆ ಅಂತಾನಾ? ಅಷ್ಟು ಒಳ್ಳೇ ಮನುಷ್ಯ, ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಳ್ತಿರಲಿಲ್ಲ...

ಮಾಡ್ಕೊಳ್ಳಲ್ಲ. ಮಾಡ್ಕೊಳ್ಳಲ್ಲ ಅಂದೆ ಮುತ್ತಕ್ಕ. ಯಾಕೆ ಹಾಗೆ ನೋಡ್ತೀರಿ? ಬೆಳಿಗ್ಗೆಯಿಂದ ನಿಂತೂ ನಿಂತೂ ಬಾಯಿ ತಪ್ಪುತ್ತೆ... ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ.

ಹಾಂ, ಕೊಟ್ರಿ. ಒಳ್ಳೇದಾಯ್ತು. ಬೆರಳು ಸಡಿಲ ಬಿಡಿ... ಬಂತು. ಇದೂ ಬಂತು... ಕೊನೇದು. ನೋಡಿ, ಎಲ್ಲಾ ಹಾಗೇ ಇವೆ. ದಿಂಬಿನ ಪಕ್ಕ ಇಟ್ಟಿದೀನಿ.

ಬಲಗೈ ಯಾಕೆ ಚಾಚ್ತೀರಿ? ಅದು ಬೇಡ ಅಂದ್ನಲ್ಲ ಅಕ್ಕ. ಊದಿಲ್ಲ ಅದು, ಚೆನ್ನಾಗಿದೆ... ಇಳಿಸಿ, ಪೈಪ್ ಎಳೆಯುತ್ತೆ... ಮುತ್ತಕ್ಕ, ಹಾಗೆ ಚಾಚ್ಕೊಂಡೇ ಇರ್ಬೇಡಿ...

ನಿಮ್ಮ ಬಿ.ಪಿ. ತುಂಬಾ ಇಳಿದಿದೆ, ಅದು ಏರೋವರೆಗೂ ಹೇಳ್ಬೇಡ ಅಂದ್ರು ಡಾಕ್ಟ್ರು. ನಿಮ್ಮ ಅಣ್ಣ ಕಳಸದಿಂದ ಹೊರಟಿದಾರೆ, ಅವ್ರು ಬಂದ್ಮೇಲೆ ಅಂತ... ಇಲ್ಲಿಗೆ ಬರೋ ಮೊದ್ಲೇ ಹೋಗ್ಬಿಟ್ಟಿದ್ರು ಅಕ್ಕ. ಡ್ರಿಪ್ ಹಾಕೋಕೂ ಆಗ್ಲಿಲ್ಲ.

ಕೈ ಇಳಿಸಿ. ನನ್ನ ಕೈಯಿಂದ ಆಗಲ್ಲ. ಆ ಬಳೆ ನಾನು ತೆಗೆಯಲ್ಲ.