ದೇವುವಿನ ಅಕ್ಕ ನೇತ್ರಾ

ನೇತ್ರಾಳನ್ನು ಬಲ್ಲ ಎಲ್ಲರಿಗೂ ನಮಸ್ಕಾರ. ಭಟ್ಕಳದ ಹತ್ತಿರದ ಅವಳ ಹುಟ್ಟೂರು ಬೆಳಕೆಯಿಂದ ಬಂದ ಮನೆಯವರಿಗೆ, ಅವಳ ಅಣ್ಣನ ಮಗ ಶ್ರೀಧರನಿಗೆ — ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ನಾನು ಮಹಾಲಕ್ಷ್ಮೀ. ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೇತ್ರಾಳ ಪಕ್ಕದ ಕುರ್ಚಿ ನನ್ನದಾಗಿತ್ತು. ಮೈಕಿನ ಅಭ್ಯಾಸವಿಲ್ಲ, ತಪ್ಪಿದರೆ ಸೈರಿಸಿಕೊಳ್ಳಿ.

ನೇತ್ರಾಳ ಬಗ್ಗೆ ಮಾತಾಡಬೇಕಾದರೆ ದೇವುವಿನಿಂದಲೇ ಶುರು ಮಾಡಬೇಕು. ದೇವು ಅವಳ ತಮ್ಮ. ೧೯೮೮ರಲ್ಲಿ ಒಂದು ಬೆಳಿಗ್ಗೆ ಎಕ್ಸ್‌ಚೇಂಜಿನ ಕಿಟಕಿಯ ಹತ್ತಿರ ಬಂದು ನಿಂತ. ಹೊಸ ಅಂಗಿ. "ಅಕ್ಕ, ಕುಮಟೆಲಿ ಗ್ಯಾರೇಜ್ ಕೆಲ್ಸ ಕೇಳ್ಕಂಡು ಬತ್ತೆ" ಎಂದ. ಇವಳು ಹೆಡ್‌ಫೋನು ತೆಗೆಯದೆ ಹೀಗೆ — ಕೈ ಬೀಸಿದಳು. ಅಷ್ಟೇ. ಅವನು ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ. ಇಳಿದದ್ದನ್ನು ಕಂಡವರಿಲ್ಲ.

ಪೊಲೀಸರಿಗೆ ದೂರು ಕೊಟ್ಟರು. ಪತ್ರಿಕೆಯಲ್ಲಿ ಫೋಟೋ ಬಂತು. ಶರಾವತಿಯಲ್ಲಿ, ಅಘನಾಶಿನಿಯಲ್ಲಿ ದೋಣಿ ಹಾಕಿ ಹುಡುಕಿದರು. ಬಟ್ಟೆ ಇಲ್ಲ, ಚಪ್ಪಲಿ ಇಲ್ಲ — ಏನೂ ಇಲ್ಲ. ಇವತ್ತಿಗೂ ಏನೂ ಇಲ್ಲ.

ಅದು ಟ್ರಂಕ್ ಕಾಲ್ ಕಾಲ. ಬೇರೆ ಊರಿಗೆ ಮಾತಾಡಬೇಕಾದರೆ ನಮ್ಮಂಥವರು ಲೈನು ಜೋಡಿಸಿಕೊಡಬೇಕಿತ್ತು. ಲೈನು ಖಾಲಿ ಸಿಕ್ಕಾಗೆಲ್ಲ ನೇತ್ರಾ ಕಾರವಾರದ, ಗೋವೆಯ, ರತ್ನಾಗಿರಿಯ ಆಪರೇಟರುಗಳನ್ನು ಕೇಳುವಳು — ಕೆಲವರನ್ನು ಕನ್ನಡದಲ್ಲಿ, ಕೆಲವರನ್ನು ಕೊಂಕಣಿಯಲ್ಲಿ. ನಮ್ಮ ಕಡೆಯ ಹುಡುಗ, ಎಡ ಹುಬ್ಬಿನ ಮೇಲೆ ಕಲೆ ಇದೆ, ಕಂಡಿದ್ದೀರಾ? ಮುಖ ನೋಡದ ಎಷ್ಟೋ ಜನ ಅವಳಿಗಾಗಿ ತಮ್ಮ ಊರಿನಲ್ಲಿ ವಿಚಾರಿಸಿದರು.

ಎರಡು ವರ್ಷದ ನಂತರ ರತ್ನಾಗಿರಿಯಿಂದ ಸುದ್ದಿ. ಹೋಟೆಲೊಂದರಲ್ಲಿ ಭಟ್ಕಳ ಕಡೆಯ ಹುಡುಗ ಇದ್ದಾನೆ, ಮನೆ ವಿಷಯ ಕೇಳಿದರೆ ಬಾಯಿ ಬಿಡುವುದಿಲ್ಲ. ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಿದ್ದವನು ತಲೆ ಎತ್ತಿದ.

ದೇವು ಅಲ್ಲ.

ತೆಂಗಿನಗುಂಡಿಯ ಈರ. ಅಪ್ಪನ ಹತ್ತಿರ ಜಗಳ ಮಾಡಿ ಓಡಿಬಂದವನು. ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ನೇತ್ರಾ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಮನೇಲಿ ಅಮ್ಮ ಇದ್ರಾ?" ಎಂದು ಕೇಳಿದಳು. ಹುಡುಗ ತಲೆ ಆಡಿಸಿದ. "ಹಂಗಾರೆ ಏಳು. ಕೈ ತೊಳ್ಕಾ."

ವಾಪಸು ಬರುವಾಗ ನಾನು ಹೊನ್ನಾವರದಲ್ಲಿ ಇಳಿದೆ, ಅವಳು ಅವನನ್ನು ಮನೆ ಮುಟ್ಟಿಸಲು ಹೋದಳು. ಅಲ್ಲಿ ನಡೆದದ್ದನ್ನು ಈರನೇ ನನಗೆ ಹೇಳಿದ್ದು. ಅವನ ತಾಯಿ ಮಗನನ್ನು ಅಪ್ಪಿ, ಅತ್ತು, ಆಮೇಲೆ ಇವಳು ಬಂದ ಕಾರಣ ತಿಳಿದು ಇವಳನ್ನೇ ಕೇಳಿದರಂತೆ, "ನಿನ್ ತಮ್ಮ ಸಿಕ್ನಾ ಮಗಾ?" "ಇನ್ನೂ ಇಲ್ಲ" ಎಂದಳಂತೆ. ಚಾ ಕೂಡ ಕುಡಿಯದೆ ಹೊರಟಳಂತೆ. ಈರ ಇಲ್ಲೇ ಇದ್ದಾರೆ — ಅಗೋ, ಹಿಂದೆ, ಮೊಮ್ಮಗಳ ಜೊತೆ.

ಮುಂದೆ ಯಂತ್ರ ಬಂತು. ಜನ ತಾವೇ ನಂಬರು ಒತ್ತಿ ಮಾತಾಡತೊಡಗಿದರು. ನಮ್ಮನ್ನು ಬಿಲ್ಲಿನ ಕೌಂಟರಿಗೆ ಹಾಕಿದರು. ರತ್ನಾಗಿರಿಯ ದನಿ, ಗೋವೆಯ ದನಿ — ಎಲ್ಲ ಒಮ್ಮೆಗೇ ನಿಂತವು. ಅವಳು ನಿಜವಾಗಿ ಒಂಟಿಯಾದದ್ದು ಆಗ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಬೆಳಕೆಯ ಮನೆಯ ಪಾಲಿನ ಮಾತು ಬಂತು. ಇಷ್ಟು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದು ಕೋರ್ಟಿನಲ್ಲಿ ಹೇಳಿಸಬಹುದು, ಎಲ್ಲರೂ ಒಪ್ಪಿದರೆ ಸುಲಭ ಎಂದರು. ಯಾರದ್ದೂ ತಪ್ಪಲ್ಲ. ಆದರೆ ನೇತ್ರಾ ಒಪ್ಪಲಿಲ್ಲ. "ನನ್ ಪಾಲೂ ನೀವೇ ಇಟ್ಕಣಿ. ಅಂವ ಸತ್ತ ಅಂತ ಮಾತ್ರ ನನ್ ಬಾಯಲ್ಲಿ ಹೇಳಿಸ್ಬೇಡಿ" ಎಂದಳು. ಮದುವೆಯಾಗಿ ಹೊನ್ನಾವರ ಬಿಡಬೇಕಾದಂಥ ಸಂಬಂಧಗಳೂ ಅವಳಿಗೆ ಬೇಡವಾದವು; ತಮ್ಮ ಬಂದರೆ ಹುಡುಕುವುದು ಅಲ್ಲೇ ಅಲ್ಲವೇ. ಬಾಡಿಗೆಯ ಒಂದು ಕೋಣೆಯಲ್ಲಿ ಉಳಿದಳು. ಹಬ್ಬಕ್ಕೆ ನಮ್ಮ ಮನೆಗೆ ಕರೆದರೆ ಉಂಡವಳೇ ಎದ್ದುಬಿಡುವಳು. "ಯಾರಾರೂ ಬಂದ್ರೆ ಬೀಗ ಕಾಣ್ತದೆ ಅಕ್ಕ."

ಹೋದ ತಿಂಗಳು ಆಸ್ಪತ್ರೆಯಲ್ಲಿ ಕೇಳಿದಳು, "ನಾ ಹೋದ್ಮೇಲೆ ಅಂವ ಬಂದ್ರೆ ಯಾರ್ ಹೇಳೂದು?"

"ನಾನ್ ಹೇಳ್ತೆ" ಎಂದೆ.

"ಆತು" ಎಂದಳು. ನನಗೂ ಎಪ್ಪತ್ತು ದಾಟಿದೆ. ಅದು ಅವಳಿಗೂ ಗೊತ್ತಿತ್ತು.

ಇವತ್ತು ಸಭೆಗೆ ಮೊದಲು ಶ್ರೀಧರ ಪ್ರೀತಿಯಿಂದಲೇ ಕೇಳಿದ, "ಅಮ್ಮ, ಮೌನ ಮಾಡೂ ಹೊತ್ತಿಗೆ ಇಬ್ರ ಹೆಸ್ರೂ ಹೇಳಿ. ದೇವು ಚಿಕ್ಕಪ್ಪಂಗೆ ಯಾರೂ ತಿಥಿ ಎಂತದೂ ಮಾಡ್ಲಿಲ್ಲ." ಯೋಚಿಸಿದೆ. ಆಗುವುದಿಲ್ಲ ಮಗಾ. ಅವಳು ಜೀವಮಾನವೆಲ್ಲ ಹೇಳದ ಮಾತನ್ನು ಅವಳ ಫೋಟೋದ ಮುಂದೆ ನಿಂತು ನಾನು ಹೇಗೆ ಹೇಳಲಿ?

ದಯವಿಟ್ಟು ಎದ್ದು ನಿಲ್ಲಿ. ಆಗದವರು ಕೂತೇ ಇರಿ. ಸ್ವಲ್ಪ ಹೊತ್ತು ಮೌನವಾಗಿರೋಣ — ನೇತ್ರಾಳಿಗಾಗಿ. ನೇತ್ರಾ ಒಬ್ಬಳಿಗಾಗಿ.